ನಲ್ಲಿಯ ಹಿತ್ತಾಳೆ

ಇಗುನ್ ಬೀದಿಯಲ್ಲಿ ಬೆಳಗಾಗುವುದು ಅರದ ಸದ್ದಿಗೆ.
ಕೋಳಿ ಆಮೇಲೆ.

ಇವತ್ತು ಮೂಸೆಗೆ ಬಿದ್ದದ್ದು:
ಮೂರು ವರ್ಷದಿಂದ ನೀರು ಕಾಣದ ಶಾಲೆಯ ನಲ್ಲಿಗಳು ಏಳು,
ಲಾರಿಯ ರೇಡಿಯೇಟರ್ ಒಂದು,
ಯಾರದೋ ಬಾಗಿಲಿನ ಚಿಲಕ.
ತಂದ ಹುಡುಗನನ್ನು ನಾನೇನೂ ಕೇಳಲಿಲ್ಲ.

ಹೆಣ್ಣು ಮೂಸೆ ಮುಟ್ಟಬಾರದು ಎಂದಿತ್ತು ಕೇರಿ.
ಅಪ್ಪನ ಕೈ ನಡುಗತೊಡಗಿದ ವರ್ಷ
ಇಕ್ಕಳ ತಾನಾಗಿ ನನ್ನ ಕಡೆ ತಿರುಗಿತು.
ಕೇರಿ ಕೆಮ್ಮಿತು, ಅಷ್ಟೆ.

ಮೇಣದಲ್ಲಿ ತಿದ್ದಿದ್ದು ಇಯೋಬಾ, ರಾಜಮಾತೆಯ ತಲೆ.
ಮುಂದಕ್ಕೆ ಬಾಗಿದ ಚೂಪು ಕಿರೀಟ, ಕೊಕ್ಕಿನ ಹಾಗೆ.
ಗದ್ದದವರೆಗೆ ಹವಳ,
ಬೆರಳ ತುದಿಯಲ್ಲಿ ಉರುಟಿ ಅಂಟಿಸಿದ ಮಣಿ
ನಾನೂರ ಹನ್ನೆರಡು.
ಎಣಿಸುವುದು ಅಪ್ಪನ ಚಟ, ನನಗೂ ಬಂದಿದೆ.
ಮುಖಕ್ಕೆ ಮಾತ್ರ ಅಜ್ಜಿಯನ್ನು ಕೂರಿಸಿಕೊಂಡೆ,
ನಲವತ್ತು ವರ್ಷ ಸಂತೆಗೆ ಒಣಮೀನು ಹೊತ್ತ ಇಮಾಡೆಯನ್ನು.
ಕಿರೀಟದ ಬುಡಕ್ಕೆ ಒಂದು ಸಿಂಬಿ ಸುತ್ತಿದೆ.

ಅಷ್ಟಕ್ಕೇ ಹಿರಿಯ ಒಸಾಯಂಡೆ ಕೋಲು ಕುಟ್ಟಿದ:
“ರಾಜಮಾತೆ ಹೊರೆ ಹೊರುತ್ತಾಳೇನೇ?”
“ಮತ್ತೆ ತಲೆಯ ಮೇಲಿರುವುದೇನು, ದೊಡ್ಡಪ್ಪ?”
ಅವನು ಬೀದಿ ನೋಡಿದ.
ಬೀದಿಯಲ್ಲಿ ಒಬ್ಬಳು ಗೆಣಸು ಹೊತ್ತು ಹೋಗುತ್ತಿದ್ದಳು.
ಕತ್ತು ಎಂದರೆ ಕತ್ತು,
ಒಂದೆಳೆಯಷ್ಟೂ ಅಲುಗದೆ.

ಸಂಜೆ ಎರಕ ಹೊಯ್ದೆವು.
ಮರುದಿನ ಮಣ್ಣು ಒಡೆದರೆ
ಎಡಗೆನ್ನೆಯಲ್ಲಿ ಕಡಲೆಕಾಳಿನಷ್ಟು ಗುಳಿ,
ಹವಳದಲ್ಲಿ ಮೂರು ಕಡಿಮೆ.
ತುಂಬಬಹುದಿತ್ತು. ತುಂಬಲಿಲ್ಲ.

ಗಿರಾಕಿ ಬಂದ, ಇಸ್ತ್ರಿಯ ಬಿಳಿಯಂಗಿ.
ಚೆನ್ನಾಗಿದೆ, ಆದರೆ ಹಳೆಯದಾಗಬೇಕು ಎಂದ.
ಉಪ್ಪು, ನಿಂಬೆರಸ, ಆರು ತಿಂಗಳು ಹಿತ್ತಲ ಮಣ್ಣು,
ಇನ್ನೂರು ವರ್ಷ ತಾನಾಗಿ ಹತ್ತುತ್ತದೆ.
ನಾನೂ ಮಾಡಿದ್ದೇನೆ;
ತಂಗಿಯ ಕಾಲೇಜು ಶುಲ್ಕ ಕಟ್ಟಿದ್ದು ಹಾಗೆಯೇ.
ಅರಮನೆ ಸುಟ್ಟು ಹೊತ್ತೊಯ್ದವರ ಊರುಗಳಲ್ಲಿ
ಗಾಜಿನೊಳಗೆ ಕೂತ ನಮ್ಮ ತಲೆಗಳಿಗೆ
ವಯಸ್ಸೇ ಬೆಲೆ.
ಇವಳನ್ನು ಹೂಳಲಾರೆ ಎಂದೆ.
ಅವನು ದುಡ್ಡು ಏರಿಸಿದ.
ಸುಳ್ಳೇಕೆ, ಒಂದು ಗಳಿಗೆ ಹಿತ್ತಲ ಕಡೆ ನೋಡಿದೆ.

ಕತ್ತಲಾದ ಮೇಲೆ ಅಜ್ಜಿ ಬಂದಳು,
ಕಣ್ಣು ಮಂಜು, ಬೆರಳಲ್ಲೇ ನೋಡಿದಳು.
ಹಣೆ, ಮೂಗು, ಗುಳಿಯ ಬಳಿ ಸ್ವಲ್ಪ ನಿಂತು
ಸಿಂಬಿಯವರೆಗೆ.
“ಕಿವಿ ನನ್ನದಲ್ಲ” ಎಂದಳು. “ಇದು ನನ್ನದೇ.”

ಹಿತ್ತಾಳೆ ಎಲ್ಲಿಯದು ಎಂದು ಕೇಳಿದಳು.
ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದು,
“ಮಾರಿದ ದಿನ ಮೊದಲು ಶಾಲೆಗೆ ಏಳು ನಲ್ಲಿ ಕೊಂಡುಕೊಡು,
ನೀರು ಬರಲಿ ಬಿಡಲಿ,”
ಎಂದು ಸೆರಗು ಕೊಡವಿ ಎದ್ದಳು.