ಠಸ್ಸೆಯ ಹಿಡಿ

ನಲವತ್ತು ವರ್ಷ ಮಂಚದ ಕಾಲು ಕಡೆದವನು ನಾನು,
ಸುಂಟಿಕೊಪ್ಪದ ಸಾಮಿಲ್ಲಿನ ಹಿಂದೆ, ತಗಡಿನ ಶೆಡ್ಡಿನಲ್ಲಿ.
ತೊಟ್ಟಿಲ ಗುಬ್ಬಿ, ಲಟ್ಟಣಿಗೆ, ಮೆಟ್ಟಿಲ ಕಂಬ.
ಯಾರು ಮಲಗುತ್ತಾರೆ, ಯಾರು ಏಳುತ್ತಾರೆ,
ಆಚಾರಿ ಕೇಳುವ ಪದ್ಧತಿಯಿಲ್ಲ.

ಮಾರ್ಚಿನಲ್ಲಿ ಬಂದಳು ಸಿಸ್ಟರ್ ಎಲ್ಸಿ,
ಮಡಿಕೇರಿ ಆಸ್ಪತ್ರೆಯ ಕೊನೆಯ ವಾರ್ಡಿನವಳು,
ಮುರಿದ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು.
ಕಾಲು ಕೂರಿಸುವಷ್ಟರಲ್ಲಿ ಹೇಳಿದಳು:
ಒಂದು ಔಷಧವಿದೆ, ಹನಿ ಹನಿ ಏರಿಸುತ್ತೇವೆ,
ಏರಿದ ಮೇಲೆ ತಣ್ಣಗಿನದೇನೂ ಮುಟ್ಟಲಾಗದು ಅವರಿಗೆ.
ಸ್ಟೀಲ್ ಲೋಟ ಹಿಡಿದರೆ ಕರೆಂಟು ಹೊಡೆದ ಹಾಗೆ.
ಬಾಗಿಲ ಚಿಲಕ, ನಲ್ಲಿಯ ತಿರುಪು, ಮಂಚದ ಸರಳು,
ಎಲ್ಲ.

ಸ್ಟೂಲಿಗೆ ಇಪ್ಪತ್ತು ರೂಪಾಯಿ ಕೇಳಿದೆ.
ಕೊಟ್ಟು ಹೋದಳು.
ಆ ರಾತ್ರಿ ನಮ್ಮ ಹಿತ್ತಿಲ ನಲ್ಲಿ ಹಿಡಿದು ನೋಡಿದೆ,
ಬಿಟ್ಟೆ, ಮತ್ತೆ ಹಿಡಿದೆ.

ತೋಟದವರು ಕಿತ್ತೆಸೆದ ಮುದಿ ಕಾಫಿ ಬೊಡ್ಡೆ
ಸೌದೆಯ ಬೆಲೆಗೆ ಸಿಗುತ್ತದೆ.
ಕೆಲವಕ್ಕೆ ಕಾಂಡಕೊರಕ ಹೊಕ್ಕಿರುತ್ತದೆ,
ಮೇಲೆ ನುಣುಪು ತೊಗಟೆ, ಒಳಗೆ ಹುಳು ಕೊರೆದ ಓಣಿ.
ಇದರ ಬಗ್ಗೆ ನಾನೇನೂ ಹೇಳಲಾರೆ.
ಸೋರುತ್ತದೆ, ಲೋಟಕ್ಕೆ ಬಾರದು, ಅಷ್ಟೆ.
ಗಟ್ಟಿ ಬೊಡ್ಡೆ ಆರಿಸಿ ಲೇತಿಗೆ ಕಚ್ಚಿಸಿದೆ.
ಉಳಿ ತಾಗಿದೊಡನೆ ಕಲ್ಲಿಗೆ ತಾಗಿದ ಸದ್ದು,
ಆಮೇಲೆ ಮೆಲ್ಲಗೆ ಬಿಟ್ಟುಕೊಟ್ಟಿತು,
ಸುರುಳಿ ಸುರುಳಿ, ಮೀನಖಂಡದ ತನಕ ಹೊಟ್ಟು.

ಮೊದಲ ಆರಕ್ಕೆ ವಾರ್ನಿಷ್ ಬಳಿದು ಕಳಿಸಿದೆ.
ವಾಪಸು ಬಂದವು: ವಾಸನೆಗೆ ವಾಂತಿ.
ಜೇನುಮೇಣ ಹಚ್ಚಿದೆ. ಅದೂ ಒಬ್ಬರಿಗೆ ಆಗಲಿಲ್ಲ.
ಕೊನೆಗೆ ಏನೂ ಹಚ್ಚದೆ,
ತಿರುಗುವ ಲೋಟಕ್ಕೆ ಅದರದೇ ಹೊಟ್ಟನ್ನು
ಹಿಡಿ ತುಂಬ ತೆಗೆದು ಒತ್ತಿದೆ.
ಮರವೇ ಮರವನ್ನು ಉಜ್ಜಿ ಹೊಳಪು ತಂದುಕೊಂಡಿತು.

ಹದಿನಾಲ್ಕು ಲೋಟ, ನಲ್ಲಿಗೆ ಒಂದು ಟೊಪ್ಪಿ,
ಕಕ್ಕಸಿನ ಬಾಗಿಲಿಗೆ ದಪ್ಪ ಗುಬ್ಬಿ.
ಮಿಲ್ಲಿನ ಹಂಸ ಕೇಳಿದ, ಕೂಲಿ ಯಾರು ಕೊಡುತ್ತಾರೆ ಆಚಾರಿ?
ಸ್ಟೂಲಿನ ಇಪ್ಪತ್ತು ಬಂದಿದೆಯಲ್ಲ, ಅಂದೆ.
ಅವನು ಕರೆಂಟು ಬಿಲ್ಲು ನನ್ನ ಹೆಸರಿಗೆ ಬರೆಯಲಿಲ್ಲ.

ಬುಧವಾರ ನಾನೇ ಹೋದೆ, ಚೀಲ ಹೊತ್ತು.
ಹೊರಗೆ ಕಾಫಿ ಹೂ ಬಿಟ್ಟು ಗುಡ್ಡವೆಲ್ಲ ಬೆಳ್ಳಗೆ.
ಒಳಗೆ ಕಿಟಕಿ ಬಿಗಿ,
ಆ ಪರಿಮಳವೂ ಅವರಿಗೆ ಹೊಟ್ಟೆ ತೊಳೆಸುತ್ತದಂತೆ.
ಮೂಲೆಯ ಮಂಚದಲ್ಲಿ ಮಾದಾಪುರದ ಚೋಂದಮ್ಮ,
ಅಂಚೆ ಕಚೇರಿಯವರು, ತಲೆಗೆ ಹಳದಿ ವಸ್ತ್ರ.
ಲೋಟ ಬೇಡ ನನಗೆ, ಅಂದರು,
ಮನೆಯಲ್ಲಿ ತೆಂಗಿನ ಚಿಪ್ಪಿದೆ.
ಮೂವತ್ತೊಂದು ವರ್ಷ ಠಸ್ಸೆ ಹೊಡೆದ ಕೈ ಇದು,
ಖಾಲಿ ಇರಲು ಅದಕ್ಕೆ ಬರುವುದಿಲ್ಲ.
ಠಸ್ಸೆಯ ಹಿಡಿ ಕಡೆದುಕೊಡಿ. ಹಿಡಿ ಸಾಕು.

ನೀರು ತುಂಬುವ ವಸ್ತುವಲ್ಲ ಎಂದು
ಹುಳ ಕೊರೆದ ಬೊಡ್ಡೆಯನ್ನೇ ಎತ್ತಿಕೊಂಡೆ.
ಮುಂದಿನ ಬುಧವಾರ ಕೈಗಿಟ್ಟೆ.
ಅವರ ಹೆಬ್ಬೆರಳು ಮೊದಲು ಹುಡುಕಿದ್ದು ಆ ತೂತನ್ನೇ.
ಒಂದು ಸಲ ಸುತ್ತ ಸವರಿ ನೋಡಿದರು,
ಏನೂ ಕೇಳಲಿಲ್ಲ.
ಸೂಜಿ ಚುಚ್ಚಿದ ಕೈ ಅಲುಗಿಸದೆ
ಇನ್ನೊಂದರಲ್ಲಿ ಹಿಡಿಯೆತ್ತಿ
ಹಾಸಿಗೆಗೆ ಹೊಡೆದರು, ಧಪ್ಪನೆ.
ಸದ್ದಿಗೆ ಪಕ್ಕದ ಮಂಚದವರು ಕಣ್ಣು ಬಿಟ್ಟರು.
ಇವತ್ತಿನ ತಾರೀಖು ಆಯಿತು, ಅಂದರು ಚೋಂದಮ್ಮ.
ಮತ್ತೆ ನನ್ನ ಕಡೆ ತಿರುಗಿ, ಕೌಂಟರಿನ ದನಿಯಲ್ಲಿ:
ಕುತ್ತಿಗೆ ದಪ್ಪವಾಯಿತು ಆಚಾರಿ,
ಅರ್ಧ ನೂಲು ಇಳಿಸಿ ತನ್ನಿ.

ಈಗ ಸೋಮವಾರ, ಸಂಜೆ.
ಕರೆಂಟಿಲ್ಲ, ಲೇತು ನಿಂತಿದೆ.
ಉಪ್ಪುಕಾಗದ ಸುತ್ತಿ ಕೈಯಲ್ಲೇ ತಿಕ್ಕುತ್ತಿದ್ದೇನೆ,
ತಿಕ್ಕಿ, ಕಣ್ಣು ಮುಚ್ಚಿ, ಹಿಡಿದು ನೋಡಿ,
ಇನ್ನೂ ಒಂದು ಎಳೆ.