ಬಿಲ್ಲೆ ನಂಬರ್ ಇನ್ನೂರಾ ಹದಿನೇಳು

ಹಟ್ಟಿಯಲ್ಲಿ ಚಿನ್ನ ಕಣ್ಣಿಗೆ ಬೀಳುವುದಿಲ್ಲ.
ಬೀಳುವುದು ಬೂದಿಬಣ್ಣದ ಕಲ್ಲಪುಡಿಯ ದಿಬ್ಬ,
ಅದರ ನೆತ್ತಿಗೇರಿ ನಿಂತ ಯಾರದೋ ಆಡು,
ಆಕಾಶದಲ್ಲಿ ಎದುರುಬದುರು ತಿರುಗುವ ಎರಡು ಗಾಲಿ.
ಮೂವತ್ತೊಂದು ವರ್ಷ ಲ್ಯಾಂಪ್ ರೂಮಿನ ಕಿಟಕಿಯಿಂದ
ನಾನು ಕೊಟ್ಟದ್ದು ಎರಡೇ ವಸ್ತು:
ತಲೆಗೊಂದು ದೀಪ, ಕೈಗೊಂದು ಹಿತ್ತಾಳೆ ಬಿಲ್ಲೆ.
ಇಳಿಯುವಾಗ ಒಯ್ಯಿರಿ,
ಏರಿ ಬಂದಾಗ ಮೊಳೆಗೆ ತೂಗುಹಾಕಿರಿ.

ಹುಚ್ಚು ಹತ್ತಿದ್ದು ಹನ್ನೊಂದನೇ ವಯಸ್ಸಿಗೆ.
ಬೆಲ್ಲ ಕಟ್ಟಿಕೊಟ್ಟ ಕಾಗದ,
ಯಾವುದೋ ಮಾಸಪತ್ರಿಕೆಯ ನಡುವಿನ ಹಾಳೆ.
ಯಾರೋ ಶುಕ್ರನ ಮೇಲೆ ಇಳಿದಿದ್ದಾರೆ,
ಜಹಾಜಿನ ಬಾಗಿಲು ತೆರೆಯುತ್ತಿದೆ,
ಅಷ್ಟರಲ್ಲಿ ಹಾಳೆ ಮುಗಿದು ಬೆರಳಿಗೆ ಬರೀ ಜಿಗುಟು.
ಅಂಗಡಿಯ ಖಾಸಿಂಸಾಬರನ್ನು ಕಾಡಿದೆ, ಮುಂದಿನದು ಕೊಡ್ರಿ.
"ಅದು ನಿನ್ನೆ ಜೀರಿಗಿ ಸುತ್ತಿ ಹೋತವ್ವಾ."
ಹೋದರೆ ಹೋಯಿತು, ನಾನೇ ಬರೆದೆ.
ಒಂದಲ್ಲ, ನಲವತ್ತಾರು ಸಲ.
ಪ್ರತಿ ಸಲ ಬೇರೆ ಗ್ರಹ, ಬೇರೆ ಬಾಗಿಲು.
"ಚಂದ್ರನ ಮ್ಯಾಲ ನೀರು ಹುಡುಕಾಕಿ,
ಇಲ್ಲಿ ನಳ ಬಂದೈತಿ, ಕೊಡ ಇಡು" ಅನ್ನುತ್ತಿದ್ದಳು ಅವ್ವ.
ಕೊಡ ತುಂಬುವ ಸದ್ದು ಏರುತ್ತ ಏರುತ್ತ
ಯಾವುದೋ ಎಂಜಿನ್ನಿನ ಸದ್ದಾಗಿ ಕಥೆ ಸೇರುತ್ತಿತ್ತು.

ಅಚ್ಚಾದ ಹೆಸರು ದ್ಯಾ. ಹ. ಮುದಗಲ್.
ಅದಕ್ಕೇ ಪತ್ರಗಳೆಲ್ಲ ಬರುತ್ತಿದ್ದುದು 'ಮಾನ್ಯ ಮುದಗಲ್ ಸರ್'ಗೆ.
ಒಂದು ಕಾರ್ಡಿನಲ್ಲಿ ಇದ್ದದ್ದು ಇಷ್ಟೇ:
"ಎಲ್ಲ ಸುಳ್ಳು. ಇನ್ನಷ್ಟು ಬರೆಯಿರಿ."
ಸಿಂಧನೂರಿನ ಮೇಷ್ಟ್ರೊಬ್ಬರದು ಸದಾ ಕೆಂಪು ಶಾಯಿ:
ಮಂಗಳದಲ್ಲಿ ಲೋಟ ಅಷ್ಟು ಬೇಗ ನೆಲಕ್ಕೆ ಬೀಳದು,
ಇಗೋ ಲೆಕ್ಕ, ಹತ್ತಕ್ಕೆ ನಾಲ್ಕೂವರೆ.
ದೇವದುರ್ಗದಿಂದ ಒಬ್ಬ ಹುಡುಗಿ,
ಅಕ್ಷರ ಗೆರೆ ದಾಟದಂತೆ ಒತ್ತಿ ಒತ್ತಿ:
"ಸರ್, ತಪ್ಪು ತಿಳಿಯಬೇಡಿ,
ನಿಮ್ಮ ಜಹಾಜಿನೊಳಗ ಮುಟ್ಟಾದರ
ಹೊರಗ ಎಲ್ಲಿ ಕೂಡಸ್ತಾರ್ರಿ?"

ಎರಡು ದಿನ ಆ ಪತ್ರ ಸೆರಗಿನಲ್ಲಿತ್ತು.
ಮೂರನೆಯ ದಿನ ಬರೆದೆ: ಹೊರಗೆ ಗಾಳಿಯೇ ಇಲ್ಲ ತಂಗಿ,
ಎಲ್ಲರೂ ಒಳಗೇ.
ಕೆಳಗೆ ಮೊದಲ ಸಲ ಪೂರ್ತಿ ಸಹಿ ಹಾಕಿದೆ:
ದ್ಯಾಮಮ್ಮ.

ಇನ್ನೊಬ್ಬ ಓದುಗ ಪತ್ರ ಬರೆಯಲಿಲ್ಲ.
ರಾತ್ರಿಪಾಳಿ ಮುಗಿಸಿ ಏರಿ ಬಂದ ಮೌನೇಶಿ,
ಬಿಲ್ಲೆ ಇನ್ನೂರಾ ಹದಿನೇಳು,
ಮೊಳೆಗೆ ಹಾಕದೆ ಮುಷ್ಟಿಯಲ್ಲೇ ಹಿಡಿದು ನಿಂತ.
"ಅಕ್ಕೋರ, ಆ ಕಥಿ ಬರದಾಕಿ ನೀವಽ ಹೌದಲ್ರಿ?
ಬಿಲ್ಲಿ ಹಲಗಿ ನೋಡಿ ಗುರ್ತ ಹಿಡದೆ.
ನಮ್ಮ ಹಲಗಿನಽ ಅದು, ಮೂಲಿ ಮುರದದ್ದು ಸೈತ."
ನಾನು ಸುಮ್ಮನಿದ್ದೆ.
"ಒಂದು ಮೊಳಿ ಖಾಲಿ ಐತಿ.
ಒಬ್ಬಾಂವ ಇನ್ನೂ ಕೆಳಗ ಅದಾನ.
ಚಿನ್ನ ತುಂಬಿಕೊಂಡು ಜಹಾಜ ಹೆಂಗ ಬಿಟ್ರಿ?"
ಕಥೆಯಲ್ಲವೇನೋ, ಅಂದೆ.
"ಕಥಿ ಇರ್ಲಿ. ನೀವು ಹಂಗ ಮಾಡೋರಲ್ಲ."
ರೆಪ್ಪೆಯ ಮೇಲೆಲ್ಲ ಕಲ್ಲಪುಡಿ.
ಬಿಲ್ಲೆಯನ್ನು ನನ್ನ ಅಂಗೈಯಲ್ಲೇ ಇಟ್ಟು ಹೋದ.
ಬೆಚ್ಚಗಿತ್ತು. ಎಷ್ಟು ಸಾವಿರ ಅಡಿ ಕೆಳಗಿನ ಬಿಸಿಯೋ,
ಅವನ ಕೈಯದೋ.

ಆ ರಾತ್ರಿಯೇ ಜಹಾಜು ತಿರುಗಿಸಿದೆ.
ಹದಿನಾಲ್ಕು ಪುಟ, ಒಂದೇ ಕೂರಿಕೆಗೆ.
ಅಚ್ಚಾದ ವಾರಕ್ಕೆ ಕೆಂಪು ಶಾಯಿ ಬಂತು:
ಇಂಧನ ಸಾಲುವುದಿಲ್ಲ. ಅರ್ಧ ದಾರಿಯೂ ಆಗದು.
ಲೆಕ್ಕ ನಾನೂ ಮಾಡಿ ನೋಡಿದೆ. ಮೇಷ್ಟ್ರು ಸರಿ.
ಸರಿಯಿದ್ದರೆ ಇರಲಿ ಎಂದು ಉತ್ತರ ಬರೆಯಲಿಲ್ಲ.

ಈಗ ಕಿಟಕಿ ಬೇರೆಯವರದು.
ನನ್ನ ಪಾಲಿಗೆ ಬಿಸ್ಕತ್ತಿನ ಡಬ್ಬಿ ತುಂಬ ಕಾಗದ,
ತೆರೆದರೆ ಇರುವೆ. ಬೆಲ್ಲದ ಹಾಳೆಯೂ ಅದರಲ್ಲೇ ಇದೆ.
ತೀರ ಕೆಳಗೊಂದು ಕಾರ್ಡು,
ಮೇಷ್ಟ್ರ ಕೈ ಅಷ್ಟೊತ್ತಿಗೆ ನಡುಗುತ್ತಿತ್ತು ಅನಿಸುತ್ತದೆ,
ಅಂಕಿಗಳು ಒಂದರ ಮೇಲೊಂದು ಬಿದ್ದಿವೆ:
"ಮರುಲೆಕ್ಕ ಮಾಡಿದೆ.
ಚಿನ್ನ ಅಲ್ಲೇ ಚೆಲ್ಲಿದರೆ ಇಂಧನ ಸಾಕಾಗುತ್ತದೆ.
ಹತ್ತಕ್ಕೆ ಆರು."