ವಾಪಸಿಗೆ ಕಾರಣ

ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನ ಎದುರು
ನನ್ನ ಟೈಪಿಂಗ್ ಅಂಗಡಿ.
ದೇಚವ್ವ ಕೊಡೆ ಮಡಚಿ ಕೂತರು;
ಮಗಳ ಊರಿನ ಸ್ಪೆಲ್ಲಿಂಗ್ ಅಂಗೈಯಲ್ಲಿತ್ತು.

‘ಎಷ್ಟು ತಿಂಗಳು ಇರ್ತೀರಿ?’
‘ಮೊಮ್ಮಗಳಿಗೆ ಹಲ್ಲು ಬರೋ ತನಕ.’
ಚೌಕದಲ್ಲಿ ಅಂಕಿಗಷ್ಟೇ ಜಾಗ. ಎಂಟು ಒತ್ತಿದೆ.

‘ತಿರುಗಿ ಬರಲು ಕಾರಣ?’
ಯೋಚಿಸಲೇ ಇಲ್ಲ:
‘ಕೋವಿ.
ಕೈಲ್‌ಪೊಳ್ದಿಗೆ ಎಣ್ಣೆ ಒರೆಸಿ
ಅದರ ಬಾಯಿಗೆ ತೋಕ್‌ಪೂ ಇಡೋರು ಯಾರು?
ಮೂರು ವರ್ಷದಿಂದ ನಾನೇ.’

ಹಾಗೇ ಟೈಪಿಸಿದೆ. ಎದೆ ಧಸಕ್ಕೆಂದು
ಒಂದೊಂದೇ ಅಕ್ಷರ ಅಳಿಸಿದೆ.
ವೀಸಾ ಅರ್ಜಿಯಲ್ಲಿ ಕೋವಿಯೇ, ಅವ್ವ!
ಆಸ್ತಿ, ಎಂದು ಬರೆದೆ. ಕಾಫಿ ತೋಟ, ಮೂರು ಎಕರೆ.

ಬಿಸಿ ಆರದ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು
ಸಾಲು ಸಾಲಿಗೂ ಬೆರಳಿಟ್ಟು ಹುಡುಕಿದರು:
‘ಇದರಲ್ಲಿ
ಹೂವು ಎಲ್ಲಿದೆ?’